ಧ್ರುವಪ್ರಾಂತ್ಯದ ಎರಡು ಊರುಗಳು: ದೂರ ಮತ್ತು ಕಾಲದ ಒಂದು ಸಮೀಕ್ಷೆ

ಎರಡು ಊರುಗಳ ನಡುವಣ ದೂರವೆಷ್ಟು ಎಂದು ಕೇಳುವವನಿಗೆ ಸಾಮಾನ್ಯವಾಗಿ ಒಂದು ಅಂಕಿ ಸಾಕಾಗುವುದು. ದಾರಿ ಸಾಗಲು ಹಿಡಿಯುವ ಹೊತ್ತೆಷ್ಟು ಎಂದು ಮುಂದುವರಿದು ಕೇಳಿದರೆ ಇನ್ನೊಂದು ಅಂಕಿ. ರಸ್ತೆ, ರೈಲು, ಸೇತುವೆಗಳಿಂದ ಹೆಣೆದುಕೊಂಡಿರುವ ನಾಡುಗಳಲ್ಲಿ ಈ ಎರಡು ಅಂಕಿಗಳೂ ಒಂದನ್ನೊಂದು ಹಿಂಬಾಲಿಸುತ್ತಲೇ ಇರುವುದರಿಂದ, ದೂರ ಬೇರೆ, ದಾರಿ ಬೇರೆ, ತಲುಪುವ ಹೊತ್ತು ಬೇರೆ ಎಂಬ ವಿವೇಚನೆಗೆ ಅಲ್ಲಿಯ ಪ್ರಯಾಣಿಕನು ಇಳಿಯಬೇಕಾದ ಸಂದರ್ಭವೇ ಅಪೂರ್ವ. ಆದರೆ ಭೂಗೋಳದ ಉತ್ತರಶಿರಸ್ಸಿಗೆ ಹೋದಂತೆ, ಊರಿಗೂ ಊರಿಗೂ ರಸ್ತೆಯೇ ಇಲ್ಲದ, ವರ್ಷದ ಬಹುಭಾಗ ಸಮುದ್ರವು ಹೆಪ್ಪುಗಟ್ಟಿರುವ, ಆಕಾಶಮಾರ್ಗವೊಂದನ್ನುಳಿದು ಬೇರೆ ನಿತ್ಯಮಾರ್ಗವಿಲ್ಲದ ಆ ಪ್ರದೇಶದಲ್ಲಿ, ಈ ಮೂರೂ ಪರಸ್ಪರ ಬೇರ್ಪಟ್ಟು ನಿಲ್ಲುವುವು. ಅಳತೆಗೋಲಿಗೆ ಸಿಕ್ಕುವ ಕಿಲೋಮೀಟರುಗಳು ದೂರದ ಅತ್ಯಲ್ಪ ಅಂಶವೆಂಬುದೂ, ಮಿಕ್ಕ ಅಂಶದಲ್ಲಿ ಒಂದು ಪಾಲು ಹವೆಯದಾದರೆ ಮತ್ತೊಂದು ದೊಡ್ಡ ಪಾಲು ಮನುಷ್ಯರು ಕಚೇರಿಗಳಲ್ಲಿ ಕುಳಿತು ಮಾಡಿದ ತೀರ್ಮಾನಗಳದೆಂಬುದೂ ಅಲ್ಲಿ ಎದ್ದುಕಾಣುವುವು. ಈ ಮಾತನ್ನು ಪರಿಶೀಲಿಸುವುದಕ್ಕೆ ಕೆನಡ ದೇಶದ ನುನಾವುತ್ ಪ್ರಾಂತ್ಯದ ರೆಸಲ್ಯೂಟ್ ಬೇ ಮತ್ತು ಗ್ರೀಸ್ ಫಿಯೋರ್ಡ್ ಎಂಬ ಎರಡು ಊರುಗಳನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು, ಅಗತ್ಯ ಬಿದ್ದೆಡೆಯಲ್ಲಿ ಅಂಥವೇ ಬೇರೆ ಊರುಗಳತ್ತಲೂ ದೃಷ್ಟಿ ಹಾಯಿಸುವುದು ಈ ಲೇಖನದ ಉದ್ದೇಶ.

ರೆಸಲ್ಯೂಟ್ ಇರುವುದು ಕಾರ್ನ್‌ವಾಲಿಸ್ ದ್ವೀಪದ ದಕ್ಷಿಣ ತೀರದಲ್ಲಿ, ಉತ್ತರ ಅಕ್ಷಾಂಶ ಸುಮಾರು 74.7ರಲ್ಲಿ, ಗ್ರೀಸ್ ಫಿಯೋರ್ಡ್ ಇರುವುದು ಎಲ್ಸ್‌ಮಿಯರ್ ದ್ವೀಪದ ದಕ್ಷಿಣ ತೀರದಲ್ಲಿ, ಅಕ್ಷಾಂಶ ಸುಮಾರು 76.4ರಲ್ಲಿ. 2021ರ ಜನಗಣತಿಯಂತೆ ಮೊದಲನೆಯದರಲ್ಲಿ 183 ಜನ, ಎರಡನೆಯದರಲ್ಲಿ 144 ಜನ. ಕೆನಡದಲ್ಲಿ ಸಾಮಾನ್ಯ ಪ್ರಜೆಗಳು ಸಂಸಾರ ಹೂಡಿಕೊಂಡಿರುವ ಊರುಗಳ ಪೈಕಿ ಅತ್ಯಂತ ಉತ್ತರದ್ದು ಗ್ರೀಸ್ ಫಿಯೋರ್ಡ್. ಅದರ ಹಿಂದಿನದು ರೆಸಲ್ಯೂಟ್. ಇವೆರಡರ ನಡುವಣ ನೇರ ಅಂತರ ಸುಮಾರು 385 ಕಿಲೋಮೀಟರು. ಭೂಪಟವನ್ನು ಬಿಡಿಸಿ ನೋಡುವವನಿಗೆ ಮಾತ್ರ ಈ ಅಂಕಿಯಲ್ಲಿ ನಂಬಿಕೆ ಹುಟ್ಟುವುದು ಕಷ್ಟ. ಶಾಲೆಗಳ ಗೋಡೆಗಳಲ್ಲಿ ಬಹುಕಾಲದಿಂದ ತೂಗಾಡಿಕೊಂಡು ಬಂದಿರುವ ಮರ್ಕೇಟರ್ ಪದ್ಧತಿಯ ಭೂಪಟವು ರೇಖಾಂಶಗಳನ್ನೆಲ್ಲ ಸಮಾನಾಂತರವಾಗಿ ನಿಲ್ಲಿಸುವ ಹಟಕ್ಕೆ ಬಿದ್ದು, ಧ್ರುವದತ್ತ ಸರಿದಂತೆಲ್ಲ ನೆಲವನ್ನು ಹಿಗ್ಗಿಸುತ್ತ ಹೋಗುವುದರಿಂದ, ಈ ಎರಡು ಊರುಗಳ ಅಕ್ಷಾಂಶದಲ್ಲಿ ಯಾವುದೇ ಅಂತರವು ಭೂಮಧ್ಯರೇಖೆಯ ಬಳಿಯ ಅಷ್ಟೇ ಅಂತರಕ್ಕಿಂತ ನಾಲ್ಕುಪಟ್ಟು ದೊಡ್ಡದಾಗಿ ತೋರುವುದು. ವಾಸ್ತವದಲ್ಲಿಯಾದರೋ ನಡೆಯುವುದು ಇದಕ್ಕೆ ವಿರುದ್ಧ: ಭೂಮಧ್ಯರೇಖೆಯಲ್ಲಿ 111 ಕಿಲೋಮೀಟರು ಅಗಲವಿರುವ ಒಂದು ಡಿಗ್ರಿ ರೇಖಾಂಶವು ರೆಸಲ್ಯೂಟಿನಲ್ಲಿ 29 ಕಿಲೋಮೀಟರಿಗೂ, ಗ್ರೀಸ್ ಫಿಯೋರ್ಡಿನಲ್ಲಿ 26 ಕಿಲೋಮೀಟರಿಗೂ ಇಳಿದುಬಿಡುವುದು. ಹನ್ನೆರಡು ಡಿಗ್ರಿಗಳಷ್ಟು ಪೂರ್ವಕ್ಕೆ ಸರಿದರೂ ಪ್ರಯಾಣಿಕನು ನಿಜವಾಗಿ ಕ್ರಮಿಸುವ ನೆಲ ಅಷ್ಟು ಅಲ್ಪವಾಗಿರುವುದರ ರಹಸ್ಯ ಇದೇ.

ಗೋಳದ ಮೇಲಿನ ಅತಿ ಹ್ರಸ್ವವಾದ ದಾರಿಗೆ ಮಹಾವೃತ್ತವೆಂದು ಹೆಸರು. ಕೆಳಗಿನ ಅಕ್ಷಾಂಶಗಳಲ್ಲಿ ನಾಲ್ಕುನೂರು ಕಿಲೋಮೀಟರಿನ ದಾರಿಗೆ ಮಹಾವೃತ್ತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅನಾವಶ್ಯಕವಾದ ಪಾಂಡಿತ್ಯವೆನಿಸೀತು. ಇಲ್ಲಿ ಅದು ನಿತ್ಯದ ವ್ಯವಹಾರ. ರೆಸಲ್ಯೂಟಿನಿಂದ ಹೊರಟಾಗ ನಿಜವಾದ ಉತ್ತರದಿಂದ ಪೂರ್ವಕ್ಕೆ ಸುಮಾರು 54 ಡಿಗ್ರಿ ಓರೆಯಾಗಿ ಮೂತಿಯಿಟ್ಟ ವಿಮಾನವು, ಎತ್ತಲೂ ಹೊರಳದೆ ನೇರವಾಗಿ ಹಾರುತ್ತ ಹೋದರೂ, ಗ್ರೀಸ್ ಫಿಯೋರ್ಡನ್ನು ಸಮೀಪಿಸುವ ಹೊತ್ತಿಗೆ ಸುಮಾರು 66 ಡಿಗ್ರಿಯ ದಿಕ್ಕಿನಲ್ಲಿರುವುದು. ವಿಮಾನ ತಿರುಗಲಿಲ್ಲ, ಒಂದೊಂದು ರೇಖಾಂಶವನ್ನು ದಾಟಿದಾಗಲೂ ಅದರ ಕೆಳಗಣ ‘ಉತ್ತರ’ವೇ ಬೇರೆ ಕಡೆಗೆ ಮುಖಮಾಡಿತು. ಒಂದೂವರೆ ಗಂಟೆಯೊಳಗೆ ಹನ್ನೆರಡು ಡಿಗ್ರಿಗಳಷ್ಟು ಜಾರಿಹೋಗುವ ದಿಕ್ಕನ್ನು ಹಿಡಿದುಕೊಂಡು ಸಾಗಬೇಕಾದ ವಿಮಾನಚಾಲಕನಿಗೆ, ಕೆಳಗಿನ ನಾಡುಗಳಲ್ಲಿ ನಾವಿಕರೂ ವೈಮಾನಿಕರೂ ಶತಮಾನಗಳಿಂದ ನೆಚ್ಚಿಕೊಂಡು ಬಂದ ಅಯಸ್ಕಾಂತದ ಸೂಜಿ ಸಹಾಯಕ್ಕೆ ಬರಲೊಲ್ಲದು. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಎಂಬ ಆಂಗ್ಲ ನಾವಿಕನು ಬೂತಿಯಾ ಪರ್ಯಾಯದ್ವೀಪದಲ್ಲಿ ಗುರುತಿಸಿದ ಉತ್ತರ ಕಾಂತಧ್ರುವವು ಅಲ್ಲಿಂದ ಮೆಲ್ಲಮೆಲ್ಲನೆ ಉತ್ತರಕ್ಕೆ ಸರಿಯುತ್ತ ಬಂದು, ಎರಡನೆಯ ಮಹಾಯುದ್ಧ ಮುಗಿದ ಕೆಲವು ವರ್ಷಗಳಲ್ಲಿ ರೆಸಲ್ಯೂಟಿಗೆ ನೈಋತ್ಯದಲ್ಲಿರುವ ಪ್ರಿನ್ಸ್ ಆಫ್ ವೇಲ್ಸ್ ದ್ವೀಪದಲ್ಲಿ ಕಂಡುಬಂದಿತು. ಆಮೇಲೆ ಇನ್ನೂ ವೇಗವಾಗಿ ಸೈಬೀರಿಯದ ದಿಕ್ಕಿಗೆ ಹೊರಟುಹೋಗಿದೆ. ಕಾಂತಧ್ರುವದ ಆಸುಪಾಸಿನಲ್ಲಿ ಭೂಮಿಯ ಸೆಳೆತವು ಬಹುಮಟ್ಟಿಗೆ ಕೆಳಮುಖವಾಗಿ, ನೆಲದ ಮಟ್ಟದಲ್ಲಿ ಸೂಜಿಯನ್ನು ತಿರುಗಿಸುವ ಅಂಶವು ಕ್ಷೀಣವಾಗಿರುವುದರಿಂದ, ಕೆನಡದ ಉತ್ತರ ವಾಯುಪ್ರದೇಶದಲ್ಲಿ ವಿಮಾನಗಳ ಓಡುದಾರಿಗಳಿಗೆ ಸಹ ಕಾಂತ-ಉತ್ತರವನ್ನು ಬಿಟ್ಟು ನಿಜೋತ್ತರವನ್ನು ಆಧರಿಸಿ ಅಂಕಿ ಕೊಟ್ಟಿರುವರು.

ದಿಕ್ಕಿನ ಈ ಪ್ರಶ್ನೆ ಶಾಸ್ತ್ರಕುತೂಹಲಕ್ಕಷ್ಟೇ ಸೇರಿದ್ದಲ್ಲವೆಂಬುದನ್ನು 2011ರ ಆಗಸ್ಟ್ 20ರ ದುರಂತ ತೋರಿಸಿತು. ಆ ದಿನ ಯೆಲ್ಲೋನೈಫ್ ನಗರದಿಂದ ಹೊರಟು ಮೋಡದ ನಡುವೆ ರೆಸಲ್ಯೂಟಿಗೆ ಇಳಿಯುತ್ತಿದ್ದ ಬೋಯಿಂಗ್ 737 ವಿಮಾನವೊಂದು ಓಡುದಾರಿಯ ಪೂರ್ವಕ್ಕೆ ಎರಡು ಕಿಲೋಮೀಟರಿಗೂ ಕಡಿಮೆ ದೂರದಲ್ಲಿದ್ದ ಗುಡ್ಡಕ್ಕೆ ಬಡಿಯಿತು. ಅದರಲ್ಲಿದ್ದ ಹದಿನೈದು ಮಂದಿಯ ಪೈಕಿ ಹನ್ನೆರಡು ಮಂದಿ ಮಡಿದರು. ಕೆನಡದ ಸಾರಿಗೆ ಸುರಕ್ಷತಾ ಮಂಡಳಿಯವರು ದೀರ್ಘ ವಿಚಾರಣೆಯ ಬಳಿಕ ಬೆರಳಿಟ್ಟು ತೋರಿಸಿದ ಕಾರಣಗಳಲ್ಲಿ, ಇಳಿಯುವುದಕ್ಕೆ ಮುಂಚೆ ದಿಕ್ಸೂಚಕ ಯಂತ್ರಕ್ಕೆ ಕೊಟ್ಟ ಆಧಾರದಿಕ್ಕಿನಲ್ಲಿ ನುಸುಳಿದ್ದ ಕೆಲವು ಡಿಗ್ರಿಗಳ ತಪ್ಪು ಒಂದು. ಸಾವಿರದೈನೂರು ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಕ್ರಮಿಸಿ ಬಂದ ಯಂತ್ರಕ್ಕೆ ಕಟ್ಟಕಡೆಯ ಆ ಎರಡು ಕಿಲೋಮೀಟರು ದಾಟಲಾಗದಷ್ಟು ದೂರವಾಯಿತು.

ಇನ್ನು ಹಾರುವ ಹೊತ್ತು. ರೆಸಲ್ಯೂಟಿನ ಜಲ್ಲಿಕಲ್ಲಿನ ಓಡುದಾರಿ ಎರಡು ಕಿಲೋಮೀಟರಿನಷ್ಟು ಉದ್ದವಿದ್ದು ದೊಡ್ಡ ವಿಮಾನಗಳಿಗೂ ಎಡೆಕೊಡುವುದು. ಗ್ರೀಸ್ ಫಿಯೋರ್ಡಿನದಾದರೋ ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಇಕ್ಕಟ್ಟಿನಲ್ಲಿ ಹಾಸಿಕೊಂಡ ಐನೂರು ಮೀಟರಿನಷ್ಟರ ಪಟ್ಟಿ. ಅಷ್ಟು ಕಿರಿದಾದ ನೆಲದಲ್ಲಿ ಇಳಿದು ಅಲ್ಲಿಂದಲೇ ಮತ್ತೆ ಏರಬಲ್ಲ ವಾಹನ ಟ್ವಿನ್ ಆಟರ್. ಕೆನಡದ ಡಿ ಹ್ಯಾವಿಲೆಂಡ್ ಸಂಸ್ಥೆಯವರು ನಿರ್ಮಿಸಿ 1965ರ ಮೇ ತಿಂಗಳಲ್ಲಿ ಮೊದಲು ಹಾರಿಸಿದ, ಎರಡು ಎಂಜಿನುಗಳ, ಹೆಚ್ಚೆಂದರೆ ಹತ್ತೊಂಬತ್ತು ಜನ ಕುಳಿತುಕೊಳ್ಳಬಹುದಾದ ಈ ವಿಮಾನವು ಚಕ್ರ, ಸ್ಕೀ, ತೇಲುದೋಣಿ ಯಾವುದನ್ನು ಕಾಲಿಗೆ ಕಟ್ಟಿಕೊಂಡರೂ ಕೆಲಸಕ್ಕೆ ಒದಗುವಂಥದು. ಧ್ರುವಪ್ರಾಂತ್ಯದ ಜನಜೀವನ ಇದರ ರೆಕ್ಕೆಯ ಮೇಲೆ ನಿಂತಿದೆಯೆಂದರೆ ಉತ್ಪ್ರೇಕ್ಷೆಯಾಗದು. ಗಂಟೆಗೆ ಸುಮಾರು 270 ಕಿಲೋಮೀಟರು ಇದರ ಸಾಮಾನ್ಯ ವೇಗವೆಂದು ಹಿಡಿದರೆ, ಗಾಳಿಯಿಲ್ಲದ ದಿನ 385 ಕಿಲೋಮೀಟರಿಗೆ ಎಂಬತ್ತೈದು ನಿಮಿಷ ಸಾಕು. ಗಂಟೆಗೆ ಅರವತ್ತು ಕಿಲೋಮೀಟರಿನ ಗಾಳಿ ಎದುರಾದರೆ ಅದು ನೂರಹತ್ತು ನಿಮಿಷಕ್ಕೆ ಏರುವುದು. ಅದೇ ಗಾಳಿ ಬೆನ್ನಿಗಿದ್ದರೆ ಎಪ್ಪತ್ತಕ್ಕೆ ಇಳಿಯುವುದು. ಹೋಗುವಾಗ ಕಳೆದುಕೊಂಡುದು ಬರುವಾಗ ಸರಿಹೋಗುವುದೆಂದು ತೋರಿದರೂ, ಎರಡನ್ನೂ ಕೂಡಿಸಿದರೆ ನೂರೆಂಬತ್ತು ನಿಮಿಷವಾಗಿ, ಗಾಳಿಯಿಲ್ಲದ ದಿನದ ನೂರೆಪ್ಪತ್ತಕ್ಕಿಂತ ಹೆಚ್ಚೇ ಆಗಿರುವುದನ್ನು ಗಮನಿಸಬೇಕು: ಎದುರುಗಾಳಿಯಲ್ಲಿ ಕಳೆಯುವ ಕಾಲವೇ ದೀರ್ಘವಾದ್ದರಿಂದ ನಷ್ಟದ ಕೈ ಯಾವಾಗಲೂ ಮೇಲಾಗಿರುವುದು. ಗ್ರೀಸ್ ಫಿಯೋರ್ಡಿನಲ್ಲಿ ಇಳಿಯಲಾಗದೆ ಹೋದರೆ ಹತ್ತಿರದಲ್ಲಿ ಬೇರೊಂದು ನಿಲ್ದಾಣವಿಲ್ಲ. ದಕ್ಷಿಣದ ಆರ್ಕ್ಟಿಕ್ ಬೇ, ಉತ್ತರದ ಯುರೇಕ ಹವಾಮಾನ ಕೇಂದ್ರ, ಹೊರಟ ರೆಸಲ್ಯೂಟ್, ಎಲ್ಲವೂ ನಾಲ್ಕುನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವುವು. ಆದುದರಿಂದ ಹೊರಡುವ ವಿಮಾನವು ಹೋಗುವ ದಾರಿಗೆ ಬೇಕಾದ ಇಂಧನದ ಜೊತೆಗೆ ಮರಳುವ ದಾರಿಯದನ್ನೂ, ಅದಕ್ಕೆ ಮೇಲಿನ ಮೀಸಲನ್ನೂ ಹೊತ್ತುಕೊಳ್ಳಲೇಬೇಕು. ಹೊತ್ತ ಇಂಧನದ ತೂಕವಷ್ಟೂ ಹೊರಲಾರದೆ ಬಿಟ್ಟುಬರಬೇಕಾದ ಆಹಾರಸಾಮಗ್ರಿಯ, ಟಪಾಲಿನ, ಕೆಲವೊಮ್ಮೆ ಪ್ರಯಾಣಿಕರ ತೂಕ.

ಆ ಎಂಬತ್ತೈದು ನಿಮಿಷಗಳಲ್ಲಿ ಕೆಳಗೆ ಸರಿದುಹೋಗುವ ನೆಲವನ್ನು ಕುರಿತೂ ಎರಡು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಮೊದಲು ಬರುವುದು ಕಾರ್ನ್‌ವಾಲಿಸ್ ದ್ವೀಪಕ್ಕೂ ಡೆವನ್ ದ್ವೀಪಕ್ಕೂ ನಡುವಣ ವೆಲಿಂಗ್ಟನ್ ಜಲಸಂಧಿ. 1845ರಲ್ಲಿ ಸರ್ ಜಾನ್ ಫ್ರಾಂಕ್ಲಿನ್ ಎರಡು ಹಡಗುಗಳಲ್ಲಿ ನೂರ ಇಪ್ಪತ್ತೊಂಬತ್ತು ಮಂದಿಯೊಡನೆ ಇದೇ ಜಲಸಂಧಿಯ ಮೂಲಕ 77ನೆಯ ಅಕ್ಷಾಂಶದವರೆಗೆ ಹೋಗಿ, ಕಾರ್ನ್‌ವಾಲಿಸ್ ದ್ವೀಪವನ್ನು ಸುತ್ತಿಕೊಂಡು ಬಂದು, ಬೀಚಿ ದ್ವೀಪದಲ್ಲಿ ಚಳಿಗಾಲವನ್ನು ಕಳೆದು, ಆಮೇಲೆ ಒಬ್ಬನೂ ಹಿಂದಿರುಗದಂತೆ ಕಾಣೆಯಾದನು. ಅವನನ್ನು ಹುಡುಕಲು ಹೊರಟ ಹಡಗುಗಳಲ್ಲೊಂದಾದ ‘ರೆಸಲ್ಯೂಟ್’ನ ಹೆಸರೇ ಈ ಊರಿಗೆ ನಿಂತಿದೆ. ಅವರು ಹಿಮಗಡ್ಡೆಗಳ ನಡುವೆ ನುಸುಳಿಕೊಂಡು ಹೋದ ನೀರನ್ನು ಟ್ವಿನ್ ಆಟರ್ ಕಾಲು ಗಂಟೆಯೊಳಗೆ ದಾಟಿಬಿಡುವುದು. ಆಮೇಲೆ ಡೆವನ್ ದ್ವೀಪ: ಐವತ್ತೈದು ಸಾವಿರ ಚದರ ಕಿಲೋಮೀಟರು ವಿಸ್ತಾರವಿದ್ದೂ ಒಂದು ಊರೂ ಇಲ್ಲದ, ಜಗತ್ತಿನ ನಿರ್ಜನ ದ್ವೀಪಗಳಲ್ಲೆಲ್ಲ ದೊಡ್ಡದಾದ ನೆಲ. ದಾರಿಯ ಮಧ್ಯಬಿಂದುವಿಗೆ ತುಸು ದಕ್ಷಿಣದಲ್ಲಿ, ಉಲ್ಕೆಯೊಂದು ಅಪ್ಪಳಿಸಿ ಉಂಟಾದ, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ವ್ಯಾಸದ ಹಾಟನ್ ಕುಳಿಯುಂಟು. ಅಲ್ಲಿಯ ಶುಷ್ಕವೂ ಶೀತಲವೂ ಆದ ಕಲ್ಲುನೆಲವು ಮಂಗಳಗ್ರಹವನ್ನು ಹೋಲುವುದೆಂದು 1990ರ ದಶಕದಿಂದ ಈಚೆಗೆ ವಿಜ್ಞಾನಿಗಳು ಬೇಸಗೆಯಲ್ಲಿ ಬಂದು ಬಿಡಾರ ಹೂಡಿ ಮುಂದಿನ ಅಂತರಿಕ್ಷಯಾತ್ರೆಗಳ ಅಭ್ಯಾಸ ನಡೆಸಿರುವರು. ಕೊನೆಗೆ ಜೋನ್ಸ್ ಸೌಂಡ್ ಎಂಬ ಸಮುದ್ರಭಾಗ. ಅದರ ಆಚೆಯ ದಂಡೆಯಲ್ಲಿ, ನಿಡಿದಾದ ಬೆಟ್ಟಗಳ ಬುಡದಲ್ಲಿ, ಹಲವು ಹತ್ತು ಮನೆಗಳ ಸಾಲು.

ಈ ಹೊತ್ತಿನ ಲೆಕ್ಕವೆಲ್ಲ ವಿಮಾನವು ನೆಲ ಬಿಟ್ಟ ಮೇಲಿನದು. ಬಿಡುವುದಕ್ಕೆ ಮುಂಚಿನ ಹೊತ್ತಿಗೆ ಲೆಕ್ಕವಿಡುವವರು ಯಾರು? ವಾರಕ್ಕೆ ಕೆಲವೇ ಬಾರಿ ಬರುವ ವಿಮಾನವು ಬಾರದೆ ಹೋದರೆ ಅದನ್ನು ಕಾದಿದ್ದವನ ಪಯಣ ಗಂಟೆಗಳಿಂದ ದಿನಗಳಿಗೆ ಜಿಗಿಯುವುದು. ಚಳಿಗಾಲದಲ್ಲಿ ರೆಸಲ್ಯೂಟಿನ ಸೂರ್ಯನು ನವೆಂಬರ್ ಮೊದಲ ಭಾಗದಲ್ಲಿ ಮುಳುಗಿದರೆ ಮತ್ತೆ ಮುಖದೋರುವುದು ಫೆಬ್ರವರಿ ಹುಟ್ಟಿದ ಮೇಲೆ. ಆ ತಿಂಗಳುಗಳ ಕತ್ತಲೆಯಲ್ಲಿ ಹಿಮವನ್ನೆಬ್ಬಿಸಿ ಬೀಸುವ ಗಾಳಿಯು ನೆಲವನ್ನೂ ಆಕಾಶವನ್ನೂ ಒಂದೇ ಬಿಳುಪಿನಲ್ಲಿ ಬೆರೆಸಿಬಿಡುವುದು. ಬೇಸಗೆ ಬಂದರೆ ತೊಡಕು ತೀರಿತೆಂದು ದಕ್ಷಿಣದವನು ಭಾವಿಸಬಹುದು. ಆದರೆ ಜುಲೈ, ಆಗಸ್ಟ್‌ಗಳಲ್ಲಿಯೇ, ಒಡೆದ ಹಿಮಗಡ್ಡೆಗಳ ನಡುವೆ ತೆರೆದುಕೊಳ್ಳುವ ನೀರಿನ ಮೇಲಿನ ತೇವದ ಗಾಳಿ ತಣ್ಣಗಾಗಿ ದಟ್ಟವಾದ ಕಾವಳವಾಗಿಯೂ ತಗ್ಗಿನ ಮೋಡವಾಗಿಯೂ ತೀರವನ್ನು ಆವರಿಸುವುದು. ಇಪ್ಪತ್ತುನಾಲ್ಕು ಗಂಟೆಯೂ ಸೂರ್ಯನಿರುವ ಆ ದಿನಗಳಲ್ಲಿ ಬೆಳಕಿದ್ದೂ ಕಣ್ಣಿಗೆ ಏನೂ ಕಾಣದಂತಾಗುವುದು. ಗ್ರೀಸ್ ಫಿಯೋರ್ಡಿನಲ್ಲಿ ಇದಕ್ಕೆ ಬೆಟ್ಟಗಳ ಮೇಲಿಂದ ಇಳಿದುಬರುವ ಸುಳಿಗಾಳಿಯೂ ಸೇರಿಕೊಳ್ಳುವುದು. ಒಂದೇ ಊರಿನ ಹವೆ ತಿಳಿಯಾದರೆ ಸಾಲದು. ಎರಡು ಊರುಗಳ ಹವೆಯೂ ಒಂದೇ ಹೊತ್ತಿನಲ್ಲಿ ತಿಳಿಯಾಗಿ, ಆ ಹೊತ್ತು ಮೂರು ಗಂಟೆಗಳಷ್ಟಾದರೂ ನಿಲ್ಲಬೇಕು. ನನ್ನ ಮಟ್ಟಿಗೆ ಈ ಎರಡು ಊರುಗಳ ನಡುವಣ ದೂರದ ನಿಜವಾದ ಅಳತೆ ಇಂಥ ಹೊತ್ತುಗಳು ಎಷ್ಟು ದಿನಕ್ಕೊಮ್ಮೆ ಒದಗುವುವೆಂಬುದೇ ಆಗಿದೆ.

ಇಷ್ಟು ದುರ್ಗಮವಾದ ಸ್ಥಳಗಳಲ್ಲಿ ಊರುಗಳು ಹುಟ್ಟಿದ್ದು ಹೇಗೆ ಎಂಬುದು ಈ ಸಮೀಕ್ಷೆಯ ಅತಿ ಮುಖ್ಯವಾದ ಭಾಗ. ಅದನ್ನು ಬಿಟ್ಟು ಕಿಲೋಮೀಟರುಗಳನ್ನೂ ನಿಮಿಷಗಳನ್ನೂ ಎಷ್ಟು ಎಣಿಸಿದರೂ ಪ್ರಯೋಜನ ಕಾಣೆ. 1947ರಲ್ಲಿ ಕೆನಡ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳು ಕೂಡಿ ಕಟ್ಟಿದ ಹವಾಮಾನ ಕೇಂದ್ರವೊಂದು ರೆಸಲ್ಯೂಟಿಗೆ ಮೂಲವಾಯಿತು. ಅದನ್ನು ಕಟ್ಟಬೇಕೆಂದಿದ್ದ ಸ್ಥಳ ಇನ್ನೂ ಪಶ್ಚಿಮದ ಮೆಲ್ವಿಲ್ ದ್ವೀಪ. ಹಿಮಗಡ್ಡೆಯು ಹಡಗುಗಳನ್ನು ತಡೆದುದರಿಂದ ಸಾಮಗ್ರಿಯನ್ನು ಕಾರ್ನ್‌ವಾಲಿಸ್ ದ್ವೀಪದಲ್ಲೇ ಇಳಿಸಬೇಕಾಯಿತು. ಎರಡು ವರ್ಷದ ಮೇಲೆ ವಾಯುಪಡೆಯ ನೆಲೆ ಬಂದಿತು. ಆಮೇಲೆ, 1953ರಲ್ಲಿ, ಕೆನಡ ಸರ್ಕಾರವು ಎರಡು ಸಾವಿರ ಕಿಲೋಮೀಟರಿನಷ್ಟು ದಕ್ಷಿಣದಲ್ಲಿ, ಹಡ್ಸನ್ ಕೊಲ್ಲಿಯ ಪೂರ್ವತೀರದ ಇನುಕ್ಜುವಾಕ್ ಎಂಬಲ್ಲಿ ಬೇಟೆಯಾಡಿಕೊಂಡು ಬದುಕುತ್ತಿದ್ದ ಇನುಯಿಟ್ ಕುಟುಂಬಗಳನ್ನು, ಅವರಿಗೆ ಉತ್ತರದ ಬದುಕನ್ನು ಕಲಿಸಲೆಂದು ಬ್ಯಾಫಿನ್ ದ್ವೀಪದ ಪಾಂಡ್ ಇನ್ಲೆಟ್ಟಿನ ಕೆಲವು ಕುಟುಂಬಗಳನ್ನು ಜೊತೆಗೂಡಿಸಿ, ‘ಸಿ. ಡಿ. ಹೋವ್’ ಎಂಬ ಹಡಗಿಗೆ ಹತ್ತಿಸಿ ಇಲ್ಲಿಗೆ ತಂದಿತು. 1955ರಲ್ಲಿ ಇನ್ನಷ್ಟು ಮಂದಿಯನ್ನು ತಂದಿತು. ಒಟ್ಟು ತೊಂಬತ್ತರಷ್ಟು ಜನ. ಅಲ್ಲಿ ಬೇಟೆ ಹೇರಳವೆಂದೂ, ಒಗ್ಗದಿದ್ದರೆ ಎರಡು ವರ್ಷದಲ್ಲಿ ಮರಳಬಹುದೆಂದೂ ಅವರಿಗೆ ಮಾತು ಕೊಡಲಾಗಿತ್ತು. ತಮ್ಮನ್ನೆಲ್ಲ ಒಂದೇ ಕಡೆ ಇಳಿಸುವರೆಂದು ನಂಬಿ ಹಡಗು ಹತ್ತಿದವರಿಗೆ, ಕೆಲವರು ಎಲ್ಸ್‌ಮಿಯರ್ ದ್ವೀಪಕ್ಕೆ, ಕೆಲವರು ಕಾರ್ನ್‌ವಾಲಿಸ್ ದ್ವೀಪಕ್ಕೆ ಎಂಬ ಹಂಚಿಕೆ ತಿಳಿದುದು ಪಯಣದ ನಡುವೆ. ಎಲ್ಸ್‌ಮಿಯರಿನ ಕ್ರೇಗ್ ಹಾರ್ಬರಿನಲ್ಲಿ ಅವರನ್ನು ವಿಂಗಡಿಸಿ, ರೆಸಲ್ಯೂಟಿಗೆ ಗೊತ್ತುಮಾಡಿದವರನ್ನು ಮತ್ತೊಂದು ಹಡಗಿಗೆ ಸಾಗಿಸಿದರು. ಬಂಧುಗಳು ಬಂಧುಗಳಿಂದ ಅಗಲಿದರು.

ಇಂದು ಎಂಬತ್ತೈದು ನಿಮಿಷದ ವಿಮಾನಯಾನವೆಂದು ನಾವು ಬರೆದುಕೊಳ್ಳುವ ಆ 385 ಕಿಲೋಮೀಟರು ಹುಟ್ಟಿದುದು ಹೀಗೆ. ಅದಕ್ಕೆ ಮುಂಚೆ ಆ ಜನರ ನಡುವೆ ಅಂಥ ದೂರವೇ ಇರಲಿಲ್ಲ. ಒಂದು ಹಡಗಿನ ಅಟ್ಟದ ಮೇಲೆ ಒಬ್ಬರ ಪಕ್ಕದಲ್ಲಿ ಒಬ್ಬರು ಕುಳಿತಿದ್ದರು. ತಮ್ಮ ನಾಡಿನಲ್ಲಿ ಚಳಿಗಾಲದ ನಡುವೆಯೂ ಹಗಲನ್ನು ಕಂಡಿದ್ದವರು ಮೂರು ತಿಂಗಳ ಕತ್ತಲೆಯೊಳಕ್ಕೆ ಬಂದರು. ಹಿಮದ ಮನೆ ಕಟ್ಟಲು ತಕ್ಕ ಹಿಮ ದೊರೆಯದೆ ಡೇರೆಗಳಲ್ಲಿ ನಡುಗಿದರು. ಪರಿಚಯವಿದ್ದ ಬೇಟೆ, ಪರಿಚಯವಿದ್ದ ಸೌದೆ, ಪರಿಚಯವಿದ್ದ ಕಾಡುಹಣ್ಣು ಒಂದೂ ಅಲ್ಲಿರಲಿಲ್ಲ. ಎರಡು ವರ್ಷದಲ್ಲಿ ಮರಳಿಸುವ ಮಾತು ನಡೆಯಲಿಲ್ಲ. 1922ರಲ್ಲಿ ತೆರೆಕಂಡ ‘ನಾನೂಕ್ ಆಫ್ ದಿ ನಾರ್ತ್’ ಎಂಬ ಪ್ರಸಿದ್ಧ ಚಲನಚಿತ್ರವನ್ನು ಇನುಕ್ಜುವಾಕಿನ ಪ್ರದೇಶದಲ್ಲಿಯೇ ತೆಗೆದ ರಾಬರ್ಟ್ ಫ್ಲಾಹರ್ಟಿಯ ಇನುಯಿಟ್ ಮಗ ಜೋಸೆಫಿಯೂ 1955ರಲ್ಲಿ ಹೀಗೆ ಸಾಗಿಸಲ್ಪಟ್ಟವರಲ್ಲಿ ಒಬ್ಬನೆಂಬುದನ್ನು ನೆನೆದರೆ, ಲೋಕವೆಲ್ಲ ಮೆಚ್ಚಿ ನೋಡಿದ ಜನರ ಗತಿಯನ್ನು ಲೋಕವು ಎಷ್ಟು ಬೇಗ ಮರೆಯಿತೆಂದು ಮನಸ್ಸು ನೋಯುವುದು. ಬೇಟೆಯ ಅಭಾವದಿಂದ ಬಳಲುತ್ತಿದ್ದವರಿಗೆ ಒಳಿತಾಗಲೆಂದೇ ಹೀಗೆ ಮಾಡಿದೆವೆಂದು ಅಧಿಕಾರಿಗಳ ಸಮಜಾಯಿಷಿ. ಉತ್ತರದ ದ್ವೀಪಗಳ ಮೇಲೆ ದೇಶದ ಒಡೆತನವನ್ನು ತೋರಿಸಲು ಜನರನ್ನು ಗಡಿಕಲ್ಲುಗಳಂತೆ ನೆಟ್ಟರೆಂದು ಹೋದವರ ಆರೋಪ. ಮೂಲನಿವಾಸಿಗಳನ್ನು ಕುರಿತ ರಾಯಲ್ ಕಮಿಷನ್ 1994ರಲ್ಲಿ ಇದರ ಮೇಲೆ ವಿಶೇಷ ವರದಿಯನ್ನು ಕೊಟ್ಟಿತು. 1996ರಲ್ಲಿ ಪರಿಹಾರವಾಗಿ ಒಂದು ಕೋಟಿ ಡಾಲರಿನ ನಿಧಿಯನ್ನು ಏರ್ಪಡಿಸಲಾಯಿತು. 2010ರ ಆಗಸ್ಟ್ 18ರಂದು ಮಂತ್ರಿ ಜಾನ್ ಡಂಕನ್ ಇನುಕ್ಜುವಾಕಿನಲ್ಲಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಅದೇ ವರ್ಷ ಎರಡೂ ಊರುಗಳಲ್ಲಿ ಸ್ಮಾರಕಶಿಲ್ಪಗಳನ್ನು ನಿಲ್ಲಿಸಿದರು.

ಗ್ರೀಸ್ ಫಿಯೋರ್ಡಿನ ಇನ್ನೊಂದು ನೆರೆಯನ್ನು ಕುರಿತು ಹೇಳಿದರೆ ಈ ವಿಚಾರ ಇನ್ನೂ ಸ್ಫುಟವಾದೀತು. ಅದಕ್ಕೆ ರೆಸಲ್ಯೂಟಿಗಿಂತಲೂ ತುಸು ಹತ್ತಿರದಲ್ಲಿ, ಸುಮಾರು 360 ಕಿಲೋಮೀಟರು ಪೂರ್ವಕ್ಕೆ, ಗ್ರೀನ್ಲೆಂಡಿನ ಕ್ವಾನಾಕ್ ಎಂಬ ಊರಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕಿಟ್ಲಾರ್‌ಸ್ಸುವಾಕ್ ಎಂಬ ಮಾಂತ್ರಿಕ ನಾಯಕನು ಬ್ಯಾಫಿನ್ ದ್ವೀಪದಿಂದ ತನ್ನವರನ್ನು ಕರೆದುಕೊಂಡು, ವರ್ಷಗಟ್ಟಲೆ ಹಿಮದ ಮೇಲೆ ಪಯಣಿಸಿ, ಎಲ್ಸ್‌ಮಿಯರ್ ದ್ವೀಪದ ಮಾರ್ಗವಾಗಿ ಗ್ರೀನ್ಲೆಂಡಿನ ವಾಯವ್ಯ ಭಾಗದವರನ್ನು ಹೋಗಿ ಸೇರಿದನು. ಎರಡು ಕಡೆಯ ಜನರಲ್ಲಿ ರಕ್ತಸಂಬಂಧವೂ ಬೆಳೆಯಿತು. ಈಗ ನಡುವೆ ಎರಡು ದೇಶಗಳ ಗಡಿಯುಂಟು. ನಿಯತವಾದ ವಿಮಾನ ಸಂಚಾರವಿಲ್ಲ. ಕ್ವಾನಾಕ್ ಕೂಡ 1953ರಲ್ಲಿಯೇ ಹುಟ್ಟಿದ ಊರೆಂಬುದು ನನಗೆ ಬಹಳ ಮನಮುಟ್ಟಿದ ಸಂಗತಿ. ಅಮೆರಿಕದವರ ಥೂಲಿ ವಾಯುನೆಲೆಯನ್ನು ವಿಸ್ತರಿಸಲೆಂದು ಡೆನ್ಮಾರ್ಕಿನ ಸರ್ಕಾರವು ಅಲ್ಲಿಯ ಇನುಗ್ವಿಟ್ ಜನರನ್ನು ಕೆಲವೇ ದಿನಗಳ ಸೂಚನೆ ಕೊಟ್ಟು ನೂರಕ್ಕೂ ಹೆಚ್ಚು ಕಿಲೋಮೀಟರು ಉತ್ತರಕ್ಕೆ ಎಬ್ಬಿಸಿತು. 1999ರಲ್ಲಿ ಅಲ್ಲಿಯ ಸರ್ಕಾರವೂ ಕ್ಷಮೆ ಕೇಳಬೇಕಾಯಿತು. ಒಂದೇ ವರ್ಷದಲ್ಲಿ, ಎರಡು ಬೇರೆ ರಾಜ್ಯಗಳ ಆಜ್ಞೆಯಿಂದ, ಒಂದೇ ಮೂಲದ ಜನ ಸಮುದ್ರದ ಎರಡು ದಂಡೆಗಳಲ್ಲಿ ಹೊಸ ಊರುಗಳನ್ನು ಕಟ್ಟಿಕೊಳ್ಳಬೇಕಾಯಿತು. ಇಂದು ಅಲ್ಲೊಬ್ಬ, ಇಲ್ಲೊಬ್ಬ ಬಂಧುಗಳಿದ್ದರೆ ಅವರು ಒಬ್ಬರನ್ನೊಬ್ಬರು ವಿಮಾನದಲ್ಲಿ ಹೋಗಿ ನೋಡಬೇಕಾದರೆ ಸಾವಿರಾರು ಕಿಲೋಮೀಟರು ದಕ್ಷಿಣಕ್ಕಿಳಿದು, ಮತ್ತೆ ಅಷ್ಟೇ ಉತ್ತರಕ್ಕೆ ಏರಬೇಕು.

ಇದಕ್ಕೆ ಜೊತೆಯಾಗಬಲ್ಲ ನಿದರ್ಶನ ಬೇರಿಂಗ್ ಜಲಸಂಧಿಯಲ್ಲಿ ಸಿಕ್ಕುವುದು. ಅಲಾಸ್ಕದ ನೋಮ್ ಪಟ್ಟಣದಿಂದ ರಷ್ಯದ ಪ್ರೊವಿಡೆನಿಯಕ್ಕೆ ಅಂತರ 375 ಕಿಲೋಮೀಟರಿನಷ್ಟು, ಎಂದರೆ ನಮ್ಮ ಮುಖ್ಯ ನಿದರ್ಶನಕ್ಕೆ ಬಹುಮಟ್ಟಿಗೆ ಸಮ. ಎರಡು ದಡಗಳಲ್ಲೂ ಯೂಪಿಕ್ ಜನರ ನಂಟಸ್ತಿಕೆ ಅನಾದಿಯಿಂದ ಇತ್ತು. 1948ರಲ್ಲಿ ಗಡಿಯನ್ನು ಮುಚ್ಚಿದ ಮೇಲೆ ಆ ನಂಟು ಕಡಿದುಹೋಯಿತು. 1988ರ ಜೂನ್ 13ರಂದು ‘ಮೈತ್ರಿಯ ವಿಮಾನ’ವೆಂದು ಕರೆಸಿಕೊಂಡ ಜೆಟ್ ವಿಮಾನವೊಂದು ಅಧಿಕಾರಿಗಳನ್ನೂ, ಪತ್ರಕರ್ತರನ್ನೂ, ಬಂಧುಗಳನ್ನು ಕಾಣಲು ಹೊರಟ ಯೂಪಿಕ್ ಜನರನ್ನೂ ಕೂರಿಸಿಕೊಂಡು ನೋಮಿನಿಂದ ಹೊರಟು, ಅಂತರರಾಷ್ಟ್ರೀಯ ದಿನಾಂಕರೇಖೆಯನ್ನು ದಾಟಿ, ಒಂದು ಗಂಟೆಯೊಳಗೆ ಪ್ರೊವಿಡೆನಿಯದಲ್ಲಿ ಇಳಿಯಿತು. ಆ ಒಂದು ಗಂಟೆಯ ಹಿಂದೆ ನಲವತ್ತು ವರ್ಷಗಳಿದ್ದುವು. ಅದೇ ಜಲಸಂಧಿಯ ನಡುವಣ ದೊಡ್ಡ ಮತ್ತು ಸಣ್ಣ ಡಯೊಮೀಡ್ ದ್ವೀಪಗಳ ನಡುವೆ ನಾಲ್ಕು ಕಿಲೋಮೀಟರೂ ಇಲ್ಲ. ಆದರೂ ಒಂದು ರಷ್ಯದ್ದು, ಇನ್ನೊಂದು ಅಮೆರಿಕದ್ದು.

ಇವಕ್ಕಿಂತ ಸಮಾಧಾನಕರವಾದ ಉದಾಹರಣೆಗಳೂ ಇಲ್ಲದಿಲ್ಲ. ಕೆನಡದ ವಾಯವ್ಯ ಪ್ರಾಂತ್ಯದ ಇನುವಿಕ್ ಮತ್ತು ತುಕ್ತೊಯಾಕ್ತುಕ್ ಪಟ್ಟಣಗಳ ನೇರ ಅಂತರ ಸುಮಾರು 125 ಕಿಲೋಮೀಟರು. ಬೇಸಗೆಯಲ್ಲಿ ವಿಮಾನ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲಣ ದಾರಿ ಎಂದಿದ್ದ ಆ ಊರುಗಳ ನಡುವೆ 2017ರ ನವೆಂಬರಿನಲ್ಲಿ ಎಲ್ಲ ಋತುಗಳಲ್ಲೂ ಸಂಚರಿಸಬಹುದಾದ, ಸುಮಾರು 140 ಕಿಲೋಮೀಟರಿನ ರಸ್ತೆ ತೆರೆಯಿತು. ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡಿನಲ್ಲಿ ಲಾಂಗ್‌ಇಯರ್‌ಬೀನ್‌ಗೂ ನ್ಯೂ-ಒಲೆಸುಂದ್‌ಗೂ ಅಂತರ 113 ಕಿಲೋಮೀಟರಿನಷ್ಟು. ಸಣ್ಣ ವಿಮಾನದಲ್ಲಿ ಅರ್ಧ ಗಂಟೆಯೊಳಗಿನ ದಾರಿ, ರಸ್ತೆಯಿಲ್ಲ. ನ್ಯೂ-ಒಲೆಸುಂದ್‌ನಲ್ಲಿ 2008ರ ಜುಲೈ ತಿಂಗಳಲ್ಲಿ ಭಾರತ ಸರ್ಕಾರವು ‘ಹಿಮಾದ್ರಿ’ ಎಂಬ ಸಂಶೋಧನಾ ಕೇಂದ್ರವನ್ನು ತೆರೆದಿರುವುದರಿಂದ, ನಮ್ಮ ದೇಶದ ವಿಜ್ಞಾನಿಗಳಿಗೂ ಈ ಬಗೆಯ ದೂರಗಳ ಪರಿಚಯ ಈಗ ಉಂಟಾಗಿದೆ.

ವಿಮಾನ ಬರುವುದಕ್ಕೆ ಮುಂಚೆ ಈ ನಾಡಿನವರು ದೂರವನ್ನು ಎಣಿಸುತ್ತಿದ್ದುದು ನಿದ್ದೆಗಳಲ್ಲಿ: ಇಂಥ ಊರಿಗೆ ಇಷ್ಟು ನಿದ್ದೆಗಳ ದಾರಿ ಎಂದರೆ, ದಾರಿಯಲ್ಲಿ ಅಷ್ಟು ಬಾರಿ ಬಿಡಾರ ಮಾಡಿ ಮಲಗಬೇಕು. ನಮ್ಮ ಹಿರಿಯರು ಹರದಾರಿ, ಗಾವುದಗಳ ಅಳತೆ ಗೊತ್ತಿದ್ದೂ ಎತ್ತಿನ ಗಾಡಿಯ ಪಯಣವನ್ನು ಒಂದು ಹೊತ್ತಿನ ದಾರಿ, ಎರಡು ಹಗಲಿನ ದಾರಿ ಎಂದು ಹೇಳುತ್ತಿದ್ದುದೂ ಇದೇ ವಿವೇಕದಿಂದ. ನಿದ್ದೆಗಳ ಎಣಿಕೆಯೊಳಗೆ ಹಿಮದ ಸ್ಥಿತಿ, ನಾಯಿಗಳ ದಣಿವು, ಗಾಳಿಯ ದಿಕ್ಕು, ನಡುವೆ ಬೇಟೆಗೆ ನಿಲ್ಲಬೇಕಾದ ಹೊತ್ತು ಎಲ್ಲವೂ ತಾವಾಗಿಯೇ ಸೇರಿಬಿಡುವುವು. ಒಂದೇ ದಾರಿ ವಸಂತದಲ್ಲಿ ಚಿಕ್ಕದೂ ಬಿರುಗಾಳಿಯ ತಿಂಗಳಲ್ಲಿ ದೊಡ್ಡದೂ ಆದರೆ ಅದರಲ್ಲಿ ವಿರೋಧವೇನೂ ತೋರುವುದಿಲ್ಲ. ಕ್ನುಡ್ ರಾಸ್ಮುಸೆನ್ ಎಂಬ ಮಹನೀಯನು 1921ರಿಂದ 1924ರವರೆಗೆ ನಡೆಸಿದ ತನ್ನ ಐದನೆಯ ಥೂಲಿ ಯಾತ್ರೆಯಲ್ಲಿ, ಗ್ರೀನ್ಲೆಂಡಿನ ಇನುಗ್ವಿಟ್ ಸಂಗಾತಿಗಳಾದ ಮಿತೆಕ್ ಮತ್ತು ಅರ್ನಾರುಲುಂಗ್ವಾಕ್ ಎಂಬವರೊಡನೆ ಹಡ್ಸನ್ ಕೊಲ್ಲಿಯ ಕಡೆಯಿಂದ ಅಲಾಸ್ಕದ ನೋಮ್‌ವರೆಗೆ ನಾಯಿಗಳ ಹಿಮಬಂಡಿಯಲ್ಲಿ ಹೋದದ್ದು ಈ ಎಣಿಕೆಯ ಲೋಕದಲ್ಲಿಯೇ. ಅವರಿಗೆ ಹೆಪ್ಪುಗಟ್ಟಿದ ಸಮುದ್ರವು ರಾಜಮಾರ್ಗವಾಗಿತ್ತು. ರೆಸಲ್ಯೂಟಿನಿಂದ ಗ್ರೀಸ್ ಫಿಯೋರ್ಡಿಗೆ ಇಂದಿಗೂ ಸ್ನೋಮೊಬೈಲಿನಲ್ಲಿ ಹೋಗಬಲ್ಲವರಿದ್ದಾರೆ; ಹಿಮ ಗಟ್ಟಿಯಾಗಿರುವಾಗ ಹಲವು ದಿನಗಳ ಪಯಣ. ಸಮುದ್ರದ ಹಿಮವು ತಡವಾಗಿ ಕಟ್ಟಿ ಬೇಗ ಒಡೆಯುವ ಈ ಕಾಲದಲ್ಲಿ ಆ ಹಳೆಯ ಮಾರ್ಗ ವರ್ಷದಲ್ಲಿ ತೆರೆದಿರುವ ಅವಧಿ ಕುಗ್ಗುತ್ತಿರುವುದರಿಂದ, ವಿಮಾನದ ಮೇಲಣ ಭಾರ ಇನ್ನೂ ಹೆಚ್ಚುವುದು.

ಹಡಗು ಬರುವುದು ವರ್ಷಕ್ಕೊಮ್ಮೆ, ಬೇಸಗೆಯ ಕೊನೆಯಲ್ಲಿ. ಇಂಧನವೂ ಮನೆ ಕಟ್ಟುವ ಸಾಮಗ್ರಿಯೂ ಅದರಲ್ಲಿ ಬರುವುವು. ಹಾಲು, ತರಕಾರಿ, ಔಷಧಗಳು ವಿಮಾನದಲ್ಲಿಯೇ ಬರಬೇಕು. ಅವುಗಳ ಬೆಲೆಯನ್ನು ತಗ್ಗಿಸಲು ಸರ್ಕಾರವು ಸಹಾಯಧನ ಕೊಡುತ್ತಿದ್ದರೂ ಬೆಲೆಯಲ್ಲಿ ದೂರದ ಪಾಲು ಅಳಿದಿಲ್ಲ. ಎಲ್ಲಕ್ಕಿಂತ ಕಠಿಣವಾದುದು ರೋಗಿಯ ದೂರ. ಗ್ರೀಸ್ ಫಿಯೋರ್ಡಿನಲ್ಲಿ ದಾದಿಯರ ಆರೋಗ್ಯ ಕೇಂದ್ರವುಂಟು, ಆಸ್ಪತ್ರೆಯಿಲ್ಲ. ಪ್ರಾಂತ್ಯದ ಆಸ್ಪತ್ರೆ ಇರುವ ಇಕಾಲುಯಿಟ್ ನೇರ ರೇಖೆಯಲ್ಲಿ ದಕ್ಷಿಣಕ್ಕೆ 1,500 ಕಿಲೋಮೀಟರು. ಆದರೆ ಸಾಮಾನ್ಯ ಪ್ರಯಾಣಿಕನು ಮೊದಲು ಪಶ್ಚಿಮದ ರೆಸಲ್ಯೂಟಿಗೆ ಬಂದು ಅಲ್ಲಿಂದ ತಿರುಗಿ ಹೋಗಬೇಕಾಗಿ ದಾರಿ ಎರಡು ಸಾವಿರ ಕಿಲೋಮೀಟರಿನ ಸಮೀಪಕ್ಕೆ ಏರುವುದು. ಹೆರಿಗೆಯಾಗಬೇಕಾದ ಹೆಂಗಸು ದಿನ ತುಂಬುವುದಕ್ಕೆ ವಾರಗಳ ಮುಂಚೆಯೇ ಮನೆಯನ್ನೂ ಹಿರಿಯ ಮಕ್ಕಳನ್ನೂ ಬಿಟ್ಟು ಪರಸ್ಥಳದಲ್ಲಿ ಹೋಗಿ ಕಾಯುವಳು. ಅವಳ ಪಾಲಿಗೆ ಆ ಪಯಣದ ಅವಧಿ ಎಷ್ಟು ಗಂಟೆ ಎಂದು ಬರೆಯೋಣ?

2017ರಲ್ಲಿ ಕೆನಡದ ಮಹಾಲೇಖಪಾಲರು ಉತ್ತರದ ದುರ್ಗಮ ಪ್ರದೇಶಗಳ 117 ವಿಮಾನ ನಿಲ್ದಾಣಗಳನ್ನು ಕುರಿತು ಸಲ್ಲಿಸಿದ ವರದಿಯಲ್ಲಿ, ಓಡುದಾರಿಗಳ ದೀಪವ್ಯವಸ್ಥೆ, ಹವೆಯ ವರ್ತಮಾನ, ನೆಲದ ಸ್ಥಿತಿ ಇವುಗಳ ಕೊರತೆಯನ್ನು ಎತ್ತಿತೋರಿಸಿದರು. ನುನಾವುತ್ ಪ್ರಾಂತ್ಯದ ಇಪ್ಪತ್ತೈದು ಊರುಗಳಲ್ಲಿ ಇಕಾಲುಯಿಟ್ ಮತ್ತು ರ‍್ಯಾಂಕಿನ್ ಇನ್ಲೆಟ್ ಎರಡನ್ನುಳಿದು ಎಲ್ಲ ಕಡೆಯೂ ಓಡುದಾರಿ ಜಲ್ಲಿಕಲ್ಲಿನದೇ. ಜಲ್ಲಿಯ ಮೇಲೆ ಇಳಿಯುವಂತೆ ವಿಶೇಷ ಕವಚ ತೊಡಿಸಿದ ಹಳೆಯ ಬೋಯಿಂಗ್ 737-200 ಜೆಟ್ಟುಗಳು ಆಯುಸ್ಸು ತೀರಿ ಒಂದೊಂದಾಗಿ ಹಿಂದೆ ಸರಿಯುತ್ತಿವೆ. ಈಚಿನ ಜೆಟ್ಟುಗಳು ಅಂಥ ನೆಲಕ್ಕೆ ಒಗ್ಗುವುದಿಲ್ಲ. ಅವುಗಳ ಸ್ಥಾನಕ್ಕೆ ಬರುವ ಪಂಖದ ವಿಮಾನಗಳು ಗಟ್ಟಿಮುಟ್ಟಾದವು, ಆದರೆ ಜೆಟ್ಟಿನ ವೇಗ ಅವಕ್ಕಿಲ್ಲ. ಹೀಗಾಗಿ ಬೇರೆಲ್ಲ ನಾಡುಗಳಲ್ಲಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿರುವ ದಾರಿಯ ಹೊತ್ತು, ಓಡುದಾರಿಗಳಿಗೆ ಟಾರು ಹಾಸುವ ಅಥವಾ ಅವುಗಳನ್ನು ಉದ್ದಮಾಡುವ ವೆಚ್ಚವನ್ನು ಸರ್ಕಾರವು ವಹಿಸಿಕೊಳ್ಳದಿದ್ದರೆ, ಈ ಊರುಗಳಿಗೆ ಮುಂದಿನ ದಿನಗಳಲ್ಲಿ ಹಿಗ್ಗುವ ಸಂಭವವೇ ಹೆಚ್ಚು. ಗ್ರೀಸ್ ಫಿಯೋರ್ಡಿನಲ್ಲಂತೂ ಉದ್ದಮಾಡಲು ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಉಳಿದಿರುವ ನೆಲವೇ ಅತ್ಯಲ್ಪ.